ಕಲ್ಲು ನೆಕ್ಕುವವರು

ಮಾವ ಕಲ್ಲು ನೆಕ್ಕುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಅಳಿಯ ಮುಖ ತಿರುಗಿಸುತ್ತಿದ್ದ. ಹೊಳಪು ಕೊಡುವ ಮೊದಲು ಎಂಥ ಕಲ್ಲಾದರೂ ಬೂದಿ ಬಣ್ಣವೇ. ಒದ್ದೆಯಾದರೆ ಮಾತ್ರ ನಿಜಬಣ್ಣ ಕಾಣುತ್ತದೆ. ಅದಕ್ಕೆಂದೇ ಮೇಜಿನ ಮೇಲೆ ನೀರಿನ ಬಟ್ಟಲಿತ್ತು. ಮುದುಕನಿಗೆ ಅದು ನೆನಪಾದರೆ ಸರಿ, ಇಲ್ಲದಿದ್ದರೆ ನಾಲಿಗೆ. ಎಂಜಲು ಮೆತ್ತಿದ ಅದೇ ಬೆರಳಿನಿಂದ ಮೊಮ್ಮಗಳ ಗಲ್ಲ ಹಿಂಡುವುದು ಬೇರೆ.

ಕಲ್ಲಿನೊಳಗೆ ಕಲ್ಲು ಕೂರಿಸುವುದನ್ನು ಅಳಿಯನೂ ಇದೇ ಮೇಜಿನಲ್ಲಿ ಮಾವನಿಂದಲೇ ಕಲಿತವನು. ಅದನ್ನು ಯಾರ ಮುಂದೆಯೂ ಬಾಯಿಬಿಡುತ್ತಿರಲಿಲ್ಲ. ಆಮೇಲೆ ಕಲಾಶಾಲೆಗೆ ಹೋಗಿ ಆ ಕೊಳಕನ್ನೆಲ್ಲ ತೊಳೆದುಕೊಂಡೆ ಎಂದೇ ಅವನ ನಂಬಿಕೆ.

ಎಂಜಲನ್ನಾದರೂ ಸಹಿಸಬಹುದಿತ್ತು. ಹೋದ ವಾರ, ಅಳಿಯನ ಶಿಲ್ಪವನ್ನು ಪ್ರದರ್ಶನಕ್ಕಿಡಲಿದ್ದ ಗ್ಯಾಲರಿಯಾಕೆಯ ಮುಂದೆ ಮುದುಕ ಹಲ್ಲು ಕಿರಿದು, "ಕೊಯ್ಯೋದು, ಕೂರ್ಸೋದು ಎಲ್ಲಾ ನಾನೇ ಕಣಮ್ಮಾ. ಇವ್ರದ್ದು ಬರೀ ಐಡಿಯಾ. ಶಿಲ್ಪದ ಕೆಳಗೆ ನನ್ನ ಹೆಸ್ರೂ ಇರ್ಲಿ" ಎಂದುಬಿಟ್ಟ. ಆಕೆ ತಲೆಯಾಡಿಸಿದಳು. ಅಮೃತಶಿಲೆಯ ಹಾಸಿಗೆ, ಅದರ ತುಂಬ ಬೂಷ್ಟಿನಂತೆ ಹಬ್ಬಿದ ಹಸಿರು ಕಲ್ಲಿನ ಬಳ್ಳಿ: ಅಳಿಯನ ಹೆಸರನ್ನು ನಿಲ್ಲಿಸಬೇಕಾದ ಶಿಲ್ಪ. ಅದರಲ್ಲಿ ಈ ಜೊಲ್ಲು ಬಾಯಿಗೂ ಪಾಲೇ? ಥೂ!

ಉಪಾಯ ಸರಳವಾಗಿತ್ತು. ಬಳ್ಳಿಯ ಕೊನೆಯ ಎಲೆಗಳಷ್ಟೇ ಬಾಕಿ. ಕೈಗವಸು ಹಾಕಿಕೊಂಡು ಅವಕ್ಕೆ ವಿಷ ಸವರಿ ಒಣಗಿಸಿದ. ಬೆಳಿಗ್ಗೆ ಬಟ್ಟಲಿನ ನೀರು ಚೆಲ್ಲಿದ. ಮುದುಕನಿಗೆ ನಾಲಿಗೆ ಬಿಟ್ಟರೆ ಬೇರೆ ಗತಿ ಇರಬಾರದು. ಹಸಿರು ಕಲ್ಲಿನ ದೂಳೇ ವಿಷವೆಂದು ಈ ಕೆಲಸದವರಿಗೆಲ್ಲ ಗೊತ್ತು. ಜೀವಮಾನವಿಡೀ ಅದನ್ನು ನೆಕ್ಕಿದವನು ಸತ್ತರೆ ಯಾರು ಹುಬ್ಬೇರಿಸುತ್ತಾರೆ? "ಅಪ್ಪಾ, ಒಂದಿನ ಆ ಕಲ್ಲೇ ನಿಮ್ಮನ್ನ ತಿನ್ನುತ್ತೆ ನೋಡಿ" ಎಂದು ತನ್ನ ಹೆಂಡತಿಯೇ ಎಷ್ಟೋ ಸಲ ಬೈದಿದ್ದಳು. ಸಾಕ್ಷಿ ಮನೆಯಲ್ಲೇ ಇತ್ತು.

ಈಗ ಅವನು ಎದುರು ಕುಳಿತು ಆ ಬಾಯನ್ನೇ ನೋಡುತ್ತಿದ್ದ. ಜೋತ ಕೆಳತುಟಿ, ಅದರ ಮೂಲೆಯಲ್ಲಿ ಬಿಳಿಯ ನೊರೆ. ಅಸಹ್ಯ.

ಮಾವ ಒಣಗಿ ಬೂದಿ ಬಣ್ಣಕ್ಕಿದ್ದ ಒಂದು ಎಲೆಯನ್ನು ಅವನ ಅಂಗೈಗೆ ಹಾಕಿದರು. "ಅಳಿಯಂದ್ರೇ, ನನ್ನ ಕಣ್ಣು ಯಾಕೋ ಮಂಜು. ಬಳ್ಳಿಗೆ ಇದರ ಬಣ್ಣ ಹೊಂದುತ್ತಾ, ಸ್ವಲ್ಪ ನೋಡಿ." ಹೇಳುತ್ತಲೇ ಇನ್ನೊಂದನ್ನು ಎತ್ತಿ ಬಾಯಿಯ ಹತ್ತಿರ ತಂದರು. ತುಟಿ ತೆರೆಯಿತು. ಈಗ, ಇನ್ನೇನು ಈಗ.

"ಏನು, ಹೊಂದುತ್ತಾ?"

"ಹೊಂದುತ್ತೆ ಮಾವಾ, ಅದೇ ಹಸಿರು" ಎಂದ, ಆ ತುಟಿಯಿಂದ ಕಣ್ಣು ಕೀಳದೆ.

"ಹಾಗಾದ್ರೆ ಇದನ್ನ ನೋಡೋದೇ ಬೇಡ ಬಿಡಿ, ಎಲ್ಲಾ ಒಂದೇ ಕಲ್ಲಿಂದ ಕೊಯ್ದಿದ್ದು" ಎಂದು ಮಾವ ಕೈಲಿದ್ದ ಎಲೆಯನ್ನು ಕೆಳಗಿಟ್ಟು ಅಂಟಿನ ಡಬ್ಬಿಗೆ ಕೈ ಹಾಕಿದರು.

ಅಳಿಯ ಹಲ್ಲು ಕಡಿಯುತ್ತ ಕಣ್ಣು ತಗ್ಗಿಸಿದ. ಅವನ ಅಂಗೈಯಲ್ಲಿದ್ದ ಎಲೆ ಒದ್ದೆಯಾಗಿ, ಹಚ್ಚಹಸಿರಾಗಿ ಹೊಳೆಯುತ್ತಿತ್ತು. ಬಟ್ಟಲಿನಲ್ಲಿ ಒಂದು ಹನಿ ನೀರೂ ಇರಲಿಲ್ಲ. ಅವನ ನಾಲಿಗೆಯ ಮೇಲೆ ಕಲ್ಲಿನ ದೂಳಿತ್ತು.