ತಿರಸ್ಕರಿಸಿದವನ ಸಹಿ

“ಎಂಟು ಅಂದ್ರೆ ಎಂಟು! ಎಂಟೂ ಐದಕ್ಕೆ ಬರೋರು ಮನೇಲೇ ಇರ್ಬಹುದು!”

ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಅವಳು ಹೊಸ ಮೇಲ್ವಿಚಾರಕನ ಗತ್ತಿನಲ್ಲಿ ಮೇಜುಗಳ ನಡುವೆ ನಡೆದಳು. ಕನ್ನಡಕದ ಗಾಜು ಉಜ್ಜುವ ಆ ಕಾರ್ಖಾನೆಯ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನಗು ಒಮ್ಮೆಲೇ ನಿಂತುಹೋಯಿತು...

“ಧ್ವನಿ ಪರವಾಗಿಲ್ಲ. ಕೆಮ್ಮು ಬಿಟ್ಟುಹೋಯ್ತು,” ಎಂದಿತು ಬೆನ್ನ ಹಿಂದಿನಿಂದ, ಅವಳು ಅಣಕಿಸಿದ್ದ ಅದೇ ಧ್ವನಿ.

ಅಯ್ಯೋ! ಭೂಮಿ ಬಾಯಿ ಬಿಡಬಾರದೇ!

ಎಲ್ಲರೂ ಗುಟ್ಟಾಗಿ ‘ಗಡಿಯಾರ’ ಎಂದು ಕರೆಯುತ್ತಿದ್ದ ಆತ ಅಲ್ಲೇ ನಿಂತಿದ್ದ. ಮುಖ ಬಿಗಿದಿತ್ತು. ಆದರೆ ಕಣ್ಣಂಚಿನಲ್ಲಿ ಅದೇನು... ನಗುವೇ? ಅವಳ ಎದೆ ಧಸಕ್ಕೆಂದಿತು. ಭಯಕ್ಕೋ, ಮತ್ತೇತಕ್ಕೋ!

“ಸರ್... ಇದು ನನ್ನ ಅರ್ಜಿ,” ಎಂದು ಕಾಗದವನ್ನು ಅವನ ಕೈಗಿಟ್ಟು ಓಡಿದಳು.

ಪಾರ್ಶ್ವವಾಯು ಬಡಿದು ಅವಳ ತಾಯಿಯ ಮಾತು ನಿಂತುಹೋಗಿತ್ತು. ಮಾತು ಕಲಿಸುವವರು ಬರುತ್ತಿದ್ದುದು ಬೆಳಿಗ್ಗೆ ಒಂಬತ್ತಕ್ಕೆ. ಮಗಳು ಪಕ್ಕದಲ್ಲಿ ಕೂತರಷ್ಟೇ ಅಮ್ಮ ತುಟಿ ಅಲುಗಿಸುತ್ತಿದ್ದಳು. ಗಾಜು ಪರೀಕ್ಷಿಸುವ ತನ್ನ ಕೆಲಸಕ್ಕೆ ಎಂಟರ ಬದಲು ಹತ್ತೂವರೆಗೆ ಬಂದು ಸಂಜೆ ಹೆಚ್ಚು ಹೊತ್ತು ದುಡಿಯುತ್ತೇನೆ ಎಂಬುದೇ ಅವಳ ಕೋರಿಕೆ. ಸಿಗದಿದ್ದರೆ ಕೆಲಸ ಬಿಡಲೇಬೇಕು.

ಹೀಗೆ ಕೇಳುವ ಹಕ್ಕನ್ನು ಸರ್ಕಾರದ ಹೊಸ ನಿಯಮವೇ ಕೊಟ್ಟಿತ್ತು.

ಮರುದಿನವೇ ಉತ್ತರ ಬಂತು: ‘ತಿರಸ್ಕರಿಸಲಾಗಿದೆ. ಕಾರಣ: ಬೆಳಿಗ್ಗೆ ಗಾಜು ಪರೀಕ್ಷಿಸಲು ತರಬೇತಿ ಪಡೆದ ಬೇರೊಬ್ಬರಿಲ್ಲ.’ ಕೆಳಗೆ ಅವನ ಸಹಿ!

“ಒಂದಿನಾನೂ ಕಾಯಿಸ್ಲಿಲ್ಲ ನೋಡೇ. ಗಡಿಯಾರ ಅಲ್ವಾ!” ಎಂದು ಪ್ಯಾಕಿಂಗ್ ಅಕ್ಕ ಲೊಚಗುಟ್ಟಿದಳು.

ಅವಳು ನಗಲಿಲ್ಲ. ಆ ಕಣ್ಣಂಚಿನ ನಗುವನ್ನು ನಂಬಿದ್ದೆನಲ್ಲಾ... ಎಂಥ ಪೆದ್ದಿ ನಾನು!

ಅಂದಿನಿಂದ ಅಣಕು ಬಂದ್. ಅವನು ಏನೇ ಕೇಳಿದರೂ “ಹೂಂ ಸರ್”, “ಇಲ್ಲ ಸರ್”, ಅಷ್ಟೇ.

ಏಳನೆಯ ದಿನ ರಾಜೀನಾಮೆ ಹಿಡಿದು ಯಜಮಾನರ ಕೋಣೆಗೆ ಹೋದಳು. ಬಾಗಿಲಲ್ಲೇ ಕಾಲು ನಿಂತಿತು. ಒಳಗೆ ಕಾರ್ಮಿಕ ಇಲಾಖೆಯ ಸಲಹೆಗಾರ್ತಿ ಕೂತಿದ್ದರು. ಮೂಲೆಯಲ್ಲಿ ಅವನಿದ್ದ.

“ಇನ್ನೊಬ್ಬರಿಗೆ ಕಲಿಸೋ ಖರ್ಚು ಸರ್ಕಾರದ್ದು,” ಎನ್ನುತ್ತಿದ್ದರು ಸಲಹೆಗಾರ್ತಿ. “ಮೂರು ತಿಂಗಳು ಮಾಡಿ ನೋಡಿ. ಕೆಲಸ ಕುಂಟಿದ್ರೆ ಹಳೇ ವೇಳೆಗೇ ಹೋಗಿ. ಬಲವಂತ ಏನಿಲ್ಲ.”

ಯಜಮಾನರು ತಲೆ ಕೆರೆದುಕೊಂಡರು. “ನಷ್ಟ ಇಲ್ಲ ಅಂದ್ರೆ ಆಯ್ತಮ್ಮ. ಅಲ್ಲಾ, ನಿಮಗೆ ಸುದ್ದಿ ಕೊಟ್ಟೋರು ಯಾರು?”

“ಕಾರಣ ಬರೆದು ತಿರಸ್ಕರಿಸಿದ್ರೆ ಅದರ ಪ್ರತಿ ನಮಗೆ ಬರುತ್ತೆ. ವಾರದೊಳಗೆ ನಾವು ಬರ್ಲೇಬೇಕು. ನಿಮ್ಮ ಮೇಲ್ವಿಚಾರಕರು ಅವತ್ತೇ ಕಳಿಸಿದ್ರು!”

“ಕಳ್ಳ! ಅರ್ಜಿ ನನ್ನ ಕೈಗೆ ಬಂದಿದ್ರೆ ಡ್ರಾಯರಲ್ಲಿ ಮಲಗಿಸ್ತಿದ್ದೆ,” ಎಂದು ಯಜಮಾನರು ಗಹಗಹಿಸಿದರು.

ಅವಳ ಕಣ್ಣು ತುಂಬಿ ಬಂತು. ಸರಸರನೆ ಹೊರಗೆ ನಡೆದಳು. ಅವನು ಹಿಂದೆಯೇ ಬಂದ.

“ಒಂದು ಮಾತು ಹೇಳ್ಬಾರ್ದಿತ್ತಾ ಸರ್?”

“ಒಪ್ಪೋ ಅಧಿಕಾರ ನನಗಿರ್ಲಿಲ್ಲ. ಇದ್ದಿದ್ದು ತಿರಸ್ಕರಿಸೋ ಅಧಿಕಾರ ಒಂದೇ! ಯಜಮಾನರು ಇವತ್ತೂ ಆಗಲ್ಲ ಅಂದಿದ್ರೆ? ನಿಮಗೆ ಸುಳ್ಳು ಆಸೆ ಹುಟ್ಟಿಸೋಕೆ ಮನಸ್ಸಾಗ್ಲಿಲ್ಲ...”

“ವಾರ ಪೂರ್ತಿ ನಿಮ್ಮನ್ನ ಬೈದಿದ್ದೀನಿ!”

“ಗೊತ್ತು. ಬೈಗುಳ ತಡ್ಕೋಬಹುದು. ನೀವು ನಗದೇ ಇದ್ದಿದ್ದು ತಡ್ಕೊಳ್ಳೋಕಾಗ್ಲಿಲ್ಲ.”

ಅವಳು ತಲೆ ಎತ್ತಲಿಲ್ಲ. ರಾಜೀನಾಮೆಯನ್ನು ಮಾತ್ರ ಸದ್ದಿಲ್ಲದೆ ನಾಲ್ಕು ಚೂರು ಮಾಡಿದಳು.

“ಬೆಳಿಗ್ಗೆ ನನ್ನ ಜಾಗದಲ್ಲಿ ಕೂರೋರು ಯಾರು?”

“ನಾನೇ. ಕಲಿಸೋರು ನೀವು.”

“ಹತ್ತೂವರೆಗೆ ನಾನು ಬಂದಾಗ ಎದ್ದು ಹೋಗ್ತೀರಾ?”

“ಹೋಗು ಅಂದ್ರೆ ಹೋಗ್ತೀನಿ. ಇರು ಅಂದ್ರೆ...” ಗಡಿಯಾರ ತಡವರಿಸಿತು! “ನೀವಂದ್ರೆ ನನಗಿಷ್ಟ. ಕೆಲಸದ ಮಾತಲ್ಲ ಇದು.”

ಅವಳ ಕೆನ್ನೆ ಕೆಂಪಾಯಿತು. ಕಾರಿಡಾರಿನ ಆಚೆ ತುದಿಯಲ್ಲಿ ಪ್ಯಾಕಿಂಗ್ ಅಕ್ಕ ಖಾಲಿ ಡಬ್ಬ ಎತ್ತಿ ಇಟ್ಟು, ಇಟ್ಟು ಎತ್ತಿ, ಕಿವಿಯೆಲ್ಲ ಇತ್ತಲೇ ಇಟ್ಟಿದ್ದಳು.

“ಹಾಗಾದ್ರೆ... ಭಾನುವಾರ ಮನೆಗೆ ಬನ್ನಿ. ಅಮ್ಮನ್ನ ನೋಡಿದ ಹಾಗಾಗುತ್ತೆ.”

“ಎಷ್ಟು ಗಂಟೆಗೆ?”

ಅವಳು ಈಗ ತಲೆ ಎತ್ತಿ ನಕ್ಕಳು.

“ಯಾವಾಗ ಬೇಕಾದ್ರೂ...”