ಭಾನುವಾರದ ಗೆರೆ

"ಶುಕ್ರವಾರ ಇಡೀ ಕ್ಲಾಸು ನಮ್ಮನೆಗೆ ಬರತ್ತೆ ಕಣೇ! ಒಲೆಹಕ್ಕಿ ಗೂಡು ನೋಡೋಕೆ!" ಬೇಲಿಯಾಚೆಯಿಂದ ಬ್ರೂನಾ ಕೂಗಿದಳು.

ಜಸಿಂತಾಗೆ ಹೊಟ್ಟೆಕಿಚ್ಚಾಯಿತು. ಹೋದ ವರ್ಷ ಆ ಹಕ್ಕಿ ಜೋಡಿ ಇವಳ ಮನೆಯ ಸೂರಿನ ಮೇಲೆ ಗೂಡು ಕಟ್ಟಿತ್ತು. ಆಗ ಯಾವ ಟೀಚರೂ ಬಂದಿರಲಿಲ್ಲ! ಈ ವರ್ಷ ಅವಕ್ಕೆ ಬ್ರೂನಾಳ ಬೇಲಿ ಕಂಬವೇ ಬೇಕಾಯಿತು. ಗೂಡಿಗೆ ಅಜ್ಜಿ ರೊಟ್ಟಿ ಸುಡುವ ಗುಮ್ಮಟದಂಥ ಮಣ್ಣಿನ ಒಲೆಯದೇ ಆಕಾರ, ಹಕ್ಕಿಗೆ ಆ ಹೆಸರು ಬಂದದ್ದೂ ಅದಕ್ಕೇ. ಗುಮ್ಮಟ ಅರ್ಧ ಎದ್ದಿತ್ತು.

"ನಿಮ್ಮನೆ ಹಳೇದಾಯ್ತು ಬಿಡು," ಎಂದು ಬ್ರೂನಾ ನಕ್ಕಳು.

ಮಳೆ ಬಿದ್ದು ತಿಂಗಳಾಗಿತ್ತು. ಬ್ರೂನಾಳ ಅಂಗಳವೆಲ್ಲ ಬರೀ ಮರಳು. ಹಸಿ ಮಣ್ಣು ಇದ್ದದ್ದು ಜಸಿಂತಾಳ ಮನೆಯ ಸೋರುವ ನಲ್ಲಿಯ ಕೆಳಗೆ ಮಾತ್ರ. ಹಕ್ಕಿಗಳು ಅಲ್ಲಿಂದಲೇ ಕೊಕ್ಕಿನಲ್ಲಿ ಉಂಡೆ ಒಯ್ಯುತ್ತಿದ್ದವು. ಮಣ್ಣು ನಮ್ಮದು, ಜಂಬ ಅವಳದ್ದು!

ಶನಿವಾರ ಸಂಜೆ ಜಸಿಂತಾ ಹಲ್ಲು ಕಚ್ಚಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು.

"ಅಂತೂ ಯಾರೋ ಪುಣ್ಯಾತ್ಮರು ನಲ್ಲಿ ನಿಲ್ಲಿಸಿದ್ರಲ್ಲ," ಎಂದರು ಅಜ್ಜಿ, ಮಾಟೆ ಎಲೆಯ ಕಷಾಯ ಹೀರುತ್ತಾ. ಜಸಿಂತಾ ತಲೆ ಎತ್ತಲಿಲ್ಲ.

ಭಾನುವಾರ ಹಕ್ಕಿಗಳು ಕೆಲಸ ಮಾಡಲಿಲ್ಲ. ಬ್ರೂನಾಗೆ ಚಿಂತೆಯೇ ಇಲ್ಲ. "ಒಲೆಹಕ್ಕಿ ಭಾನುವಾರ ಮಣ್ಣು ಮುಟ್ಟಲ್ಲ, ಅಷ್ಟೂ ಗೊತ್ತಿಲ್ವಾ? ಅವಕ್ಕೂ ರಜೆ!"

ಸೋಮವಾರ ಜಸಿಂತಾ ಸ್ಕೂಲಿನಿಂದ ಬಂದಾಗ ಹಕ್ಕಿಯೊಂದು ನಲ್ಲಿಯ ಕೆಳಗಿನ ಗಟ್ಟಿ ನೆಲವನ್ನು ಕುಕ್ಕುತ್ತಿತ್ತು. ಒಮ್ಮೆ ಕುಕ್ಕಿತು, ನಲ್ಲಿ ನೋಡಿತು, ಮತ್ತೆ ಕುಕ್ಕಿತು. ಬೇಲಿಯಾಚೆ ಬ್ರೂನಾ ಮರಳಿಗೆ ಚೊಂಬು ಚೊಂಬು ನೀರು ಸುರಿದು ಉಂಡೆ ಕಟ್ಟುತ್ತಿದ್ದಳು. ಅವಳ ಬಿಳಿ ಸ್ಕೂಲ್ ಕೋಟು ಪೂರ್ತಿ ಒದ್ದೆ. ಉಂಡೆಗಳು ಕೈಯಲ್ಲೇ ಉದುರುತ್ತಿದ್ದವು.

"ಇವತ್ತು ಸೋಮವಾರ ಅಲ್ವೇನೇ?" ಬ್ರೂನಾ ಕೈಯಲ್ಲಿದ್ದ ಮರಳನ್ನು ಕೊಡವಿದಳು. "ಅವಕ್ಕೆ ನಮ್ಮನೆ ಇಷ್ಟ ಆಗ್ಲಿಲ್ಲ ಅನ್ಸತ್ತೆ. ನಿಮ್ಮನೇನೇ ಇಷ್ಟ."

ಜಸಿಂತಾಗೆ ಬೇಕಾಗಿದ್ದುದು ಇದೇ ಮಾತು. ಆದರೆ ಕೇಳಿದಾಗ ಒಂದಿಷ್ಟೂ ಖುಷಿಯಾಗಲಿಲ್ಲ. ಹೋಗಿ ನಲ್ಲಿಯನ್ನು ಸ್ವಲ್ಪ ಸಡಿಲಿಸಿದಳು. ತೊಟ್, ತೊಟ್.

ಶುಕ್ರವಾರದ ಹೊತ್ತಿಗೆ ಗುಮ್ಮಟ ಮುಚ್ಚಿತ್ತು. ಟೀಚರ್ ಗೂಡಿನ ನಡುವೆ ಇದ್ದ ತೆಳ್ಳನೆಯ ಬಿಳಿಚಿದ ಗೆರೆಗೆ ಬೆರಳು ತೋರಿಸಿದರು. "ಇಲ್ಲಿ ಮಣ್ಣು ಒಣಗಿದ ಮೇಲೆ ಮತ್ತೆ ಕಟ್ಟಿವೆ. ಯಾಕಿರಬಹುದು?"

"ಅದು ಭಾನುವಾರದ ರಜೆ, ಟೀಚರ್!" ಎಂದಳು ಬ್ರೂನಾ. ಎಲ್ಲರೂ ನಕ್ಕರು.

ಜಸಿಂತಾ ನಗಲಿಲ್ಲ. ಆ ಗೆರೆಯಲ್ಲಿ ಸೋಮವಾರವೂ ಇತ್ತು. ಅದರ ಕಾರಣ ಅವಳೊಬ್ಬಳಿಗೇ ಗೊತ್ತಿತ್ತು.

ಹಕ್ಕಿ ಗೂಡಿನಿಂದ ಹೊರಬಂದು ಬೇಲಿ ದಾಟಿ ನಲ್ಲಿಯ ಕಡೆ ಹಾರಿತು.

"ಅದಕ್ಕೆ ಇನ್ನೂ ಮಣ್ಣು ಬೇಕು ಅನ್ಸತ್ತೆ ಕಣೇ," ಎಂದು ಜಸಿಂತಾ ಬ್ರೂನಾಳ ಕೈ ಹಿಡಿದೆಳೆದಳು. "ಬಾ, ನಮ್ಮನೆ ನಲ್ಲಿ ಕೆಳಗೆ ಒಂದು ಬಕೆಟ್ ನೀರು ಹಾಕೋಣ."