ಅರ್ಧ ಸುಟ್ಟ ಹುಟ್ಟು

ಶುಕ್ರವಾರ ಬೆಳಗ್ಗೆ ಏಳೂವರೆಗೆ ಎಳೆಬಲೆಯಲ್ಲಿ ಮೀನಿನ ಜೊತೆ ಬಿಯಾಟ್ರಿಸ್ ಹಾರ್ಕೋರ್ಟಳ ಹೆಣ ಬಂತು. ತಲೆಯ ಹಿಂಭಾಗ ಒಡೆದಿತ್ತು. ಹಗ್ಗ ಹಿಡಿದಿದ್ದ ಹನ್ನೆರಡು ಜನರೂ ಕೈಬಿಟ್ಟರು. ಮೀನೆಲ್ಲ ವಾಪಸು ಸಮುದ್ರ ಸೇರಿತು, ಯಾರೂ ತಡೆಯಲಿಲ್ಲ.

ಬಿಯಾಟ್ರಿಸ್ ತನ್ನ ತಂಗಿ ಮರಿಯನ್ ಜೊತೆ ಲಂಡನ್ನಿನಿಂದ ಈ ಪುಟ್ಟ ದ್ವೀಪಕ್ಕೆ ಎರಡು ವಾರ ಹಾಯಾಗಿರಲು ಬಂದವಳು. ಹಿಂದಿನ ಮಧ್ಯಾಹ್ನ ನಾಲ್ಕು ಜನರೆದುರು ಒಬ್ಬ ದೋಣಿಯವನನ್ನು ಕಳ್ಳ ಎಂದು ಬೈದಿದ್ದಳು. ಆ ದೋಣಿಯವ ಕೊರೆಲ್, ದ್ವೀಪದ ಏಕೈಕ ಪೊಲೀಸು ಕಾರ್ಪೊರಲ್ ಇಸ್ಮೆಯ ಸ್ವಂತ ತಮ್ಮ. ಅವನ ದೋಣಿಯ ಒಂದು ಹುಟ್ಟು ಕಾಣೆಯಾಗಿತ್ತು.

ಅವನಿಗೆ ಕೋಳ ತೊಡಿಸಿದವಳೂ ಇಸ್ಮೆಯೇ. ಊರು ಬೆರಳು ತೋರಿಸುವ ಮೊದಲು ತಾನೇ ತೊಡಿಸುವುದು ವಾಸಿ ಎಂದುಕೊಂಡಳು. ಆದರೆ ಕರುಳು ಕೇಳಬೇಕಲ್ಲ? ದೊಡ್ಡ ದ್ವೀಪದ ಜೈಲಿಗೆ ಹೋದವರು ಮುದುಕರಾಗಿ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ.

ವಸತಿಗೃಹದ ಜಗಲಿಯಲ್ಲಿ ಮರಿಯನ್ ಕುಳಿತಿದ್ದಳು. ಕಣ್ಣು ಬಾತು ಮುಚ್ಚಿಹೋಗಿದ್ದವು, ಕೆನ್ನೆ ಕೆಂಪಾಗಿತ್ತು. ಅತ್ತು ಅತ್ತು ಹೀಗಾಗಿದ್ದಾಳೆ ಎಂದು ಊರ ಹೆಂಗಸರು ಲೊಚಗುಟ್ಟಿದರು.

ಮಧ್ಯಾಹ್ನ ಬಂಡೆಗಳ ಹಿಂದೆ ಬೂದಿಯಲ್ಲಿ ಹುಟ್ಟು ಸಿಕ್ಕಿತು—ಅರ್ಧ ಸುಟ್ಟಿತ್ತು.

"ರಕ್ತ ಅಳಿಸೋಕೆ ಸುಟ್ಟಿದ್ದಾನೆ," ಎಂದ ದೊಡ್ಡ ದ್ವೀಪದಿಂದ ಬಂದ ಇನ್‌ಸ್ಪೆಕ್ಟರ್ ಪಾಸ್ಕಲ್. "ನಾಲ್ಕರ ದೋಣಿಗೆ ನಿನ್ನ ತಮ್ಮನ್ನ ಕರ್ಕೊಂಡು ಹೋಗ್ತೀನಿ."

ಇಸ್ಮೆ ಬೂದಿಯ ಹತ್ತಿರ ಬಗ್ಗಿದಳು. ಸುಡದೆ ಉಳಿದ ಕೊಂಬೆ, ಹೊಳೆಯುವ ಎಲೆ, ಪುಟ್ಟ ಹಸಿರು ಕಾಯಿ. ಥಟ್ಟನೆ ಹಿಂದೆ ಸರಿದಳು.

"ಮುಟ್ಟಬೇಡಿ ಸಾರ್. ಇದು ಮಾಂಚಿನೀಲ್, ವಿಷದ ಮರ. ಇದರ ಹಾಲು ತಾಗಿದ್ರೆ ಬೊಬ್ಬೆ ಏಳುತ್ತೆ."

"ಆ ಮರಕ್ಕೆ ಎಚ್ಚರಿಕೆಗೆ ಕೆಂಪು ಪಟ್ಟೆ ಬಳಿದಿರ್ತಾರಲ್ಲ?"

"ಮರಕ್ಕೆ ಬಳೀತಾರೆ. ಉದುರಿದ ಕೊಂಬೆಗೆ ಯಾರು ಬಳೀತಾರೆ?"

ಅವಳು ಜಗಲಿಗೆ ನಡೆದಳು, ಪಾಸ್ಕಲ್ ಹಿಂಬಾಲಿಸಿದ. ಕೋಳ ತೊಟ್ಟ ಕೊರೆಲ್ ಮೆಟ್ಟಿಲ ಮೇಲೆ ಕುಳಿತಿದ್ದ.

"ಮೇಡಂ, ನಿಮ್ಮಕ್ಕ ಹೋದ ಸುದ್ದಿ ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಇಸ್ಮೆ ಕೇಳಿದಳು.

"ಎಂಟಕ್ಕೆ. ನೀವೇ ಹೇಳಿದ್ರಲ್ಲ," ಎಂದಳು ಮರಿಯನ್.

"ಅಲ್ಲಿವರೆಗೆ?"

"ಮಲಗಿದ್ದಾಳೆ ಅಂದ್ಕೊಂಡಿದ್ದೆ. ಆಮೇಲೆ ಅತ್ತಿದ್ದೇ ಅತ್ತಿದ್ದು."

ಇಸ್ಮೆ, ಊರಿಗೆಲ್ಲ ಅತ್ತೆಯಂತಿದ್ದ ಅಡುಗೆಯ ಮುದುಕಿ ಎಲ್ಮಾಳತ್ತ ತಿರುಗಿದಳು. "ಟಾಂಟಿ, ಬೆಳಗ್ಗೆ ಇವರಿಗೆ ಚಹಾ ಕೊಟ್ಟಿದ್ದು ಎಷ್ಟೊತ್ತಿಗೆ?"

"ಆರಕ್ಕೆ ಮಗಾ. ಲೋಟ ಕೈಗೇ ಇಡಬೇಕಾಯ್ತು. ಪಾಪ, ಅಷ್ಟೊತ್ತಿಗೇ ಕಣ್ಣು ಬಿಡೋಕಾಗ್ತಿರಲಿಲ್ಲ—" ಮುದುಕಿಯ ಮಾತು ಅಲ್ಲೇ ನಿಂತಿತು.

"ಹೆಣ ಸಿಕ್ಕಿದ್ದು ಏಳೂವರೆಗೆ," ಎಂದಳು ಇಸ್ಮೆ. "ಆರಕ್ಕೆ ಯಾರಿಗೋಸ್ಕರ ಅತ್ರಿ ಮೇಡಂ? ಇದು ಅಳು ಅಲ್ಲ ಸಾರ್, ಹೊಗೆ. ಆ ಕಟ್ಟಿಗೆ ಹೊಗೆ ಕಣ್ಣಿಗೆ ಹೋದ್ರೆ ಹೀಗೇ ಆಗೋದು. ಉರಿ ತಾಳದೆ ಓಡಿದ್ರು, ಅದಕ್ಕೇ ಹುಟ್ಟು ಅರ್ಧ ಉಳೀತು. ನಮ್ಮಲ್ಲಿ ಕೂಸು ಕೂಡ ಆ ಕಟ್ಟಿಗೆ ಒಲೆಗಿಡಲ್ಲ. ನನ್ನ ತಮ್ಮನ ಕಣ್ಣು ನೋಡಿ."

ಕೊರೆಲ್‌ನ ಕಣ್ಣು ತಿಳಿಯಾಗಿದ್ದವು.

ಮರಿಯನ್ ಮುಖ ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು.

"ಇಪ್ಪತ್ತು ವರ್ಷ ಅವಳ ಚೀಲ ಹೊತ್ತೆ," ಎಂದಳು. "ರಜಾ ಅವಳಿಗೆ. ನನಗೆ ಊರು ಮಾತ್ರ ಬದಲಾಗ್ತಿತ್ತು."

ಪಾಸ್ಕಲ್ ಅವಳ ತೋಳು ಹಿಡಿದು ಎಬ್ಬಿಸಿದ.

ಇಸ್ಮೆ ತಮ್ಮನ ಕೋಳ ಬಿಚ್ಚಿದಳು. ಗೆದ್ದೆನೆಂಬ ಸಂತೋಷ ಬರಲಿಲ್ಲ, ಅವನೇನು ಕೇಳುವನೋ ಎಂಬ ಹೆದರಿಕೆಯೇ ಬಂತು.

"ಅಕ್ಕಾ," ಎಂದ ಕೊರೆಲ್, "ನೀನೂ ನಂಬಿದ್ಯಾ? ನಾನೇ ಅಂತ?"

ಸುಳ್ಳು ಹೇಳಬಹುದಿತ್ತು. ಅವಳ ನಾಲಿಗೆ ಹೊರಳಲಿಲ್ಲ.

"ಮಧ್ಯಾಹ್ನದ ತನಕ," ಎಂದಳು.

ಅವನು ಮಣಿಕಟ್ಟು ತಿಕ್ಕಿಕೊಂಡು, ಅವಳತ್ತ ತಿರುಗಿ ನೋಡದೆ ಮೆಟ್ಟಿಲಿಳಿದು ಹೋದ.